ಗಿಟಾರಿಗೆ ಜಾತಿಯಿಲ್ಲ, ರೇಟು ಇದೆ: ಕುಷ್ಟಗಿಯ ಮಕ್ಕಳಿಗೆ ಆರು ತಂತಿ ಕಲಿಸೋದು ಹೇಗೆ?

ಏಳು ವರ್ಷದ ಮಗು "ನನಗ ಗಿಟಾರ್ ಬೇಕು" ಅಂದರೆ ಕುಷ್ಟಗಿಯಂಥ ಊರಿನ ಮನೆಯಲ್ಲಿ ಮೂರು ಪ್ರಶ್ನೆ ಏಳುತ್ತವೆ. "ಎಷ್ಟಕ್ಕ ಬರ್ತದ ಅದು?" "ಇಲ್ಲಿ ಯಾರು ಕಲಿಸ್ತಾರ?" "ಕಲ್ತು ಏನ್ ಮಾಡ್ತಿ, ತಮ್ಮಾ?"

ಮೂರೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದು ದುಡ್ಡಿನದು, ಎರಡನೆಯದು ವ್ಯವಸ್ಥೆಯದು. ಮೂರನೆಯದು ಇವೆರಡಕ್ಕಿಂತ ದೊಡ್ಡದು: ಯಾವ ಮಗು ಏನು ಕಲಿಯಬಹುದು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ? ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು ಇದೇ ಮಾತು ಹೇಳಿದರೆ ಅದು 'ಹಾಬಿ' ಆಗುತ್ತದೆ, ಶನಿವಾರದ ಕ್ಲಾಸಿಗೆ ಫೀಸು ಕಟ್ಟಿ ಆಗಿಬಿಡುತ್ತದೆ. ಕುಷ್ಟಗಿಯ ಮಗು ಹೇಳಿದರೆ 'ಹಟ' ಆಗುತ್ತದೆ.

ಹಾಗಾಗಿ ಚಿಕ್ಕ ಮಕ್ಕಳಿಗೆ ಗಿಟಾರ್ ಕಲಿಸೋ ವಿಷಯವನ್ನ ಎರಡು ಭಾಗವಾಗಿ ನೋಡೋಣ. ಮೊದಲು, ಕಲಿಸೋದು ಹೇಗೆ ಅನ್ನೋ ಶುದ್ಧ ಪ್ರಾಯೋಗಿಕ ವಿಚಾರ. ಆಮೇಲೆ, ಅದು ಸರಕಾರಿ ಶಾಲೆಯ ಮಗುವಿಗೆ ಯಾಕೆ ತಲುಪುತ್ತಿಲ್ಲ ಅನ್ನೋ ರಾಜಕೀಯ.

ಎಷ್ಟು ವಯಸ್ಸಿಗೆ, ಎಂಥಾ ಗಿಟಾರ್?

ವಯಸ್ಸಿಗಿಂತ ಕೈ ಅಳತೆ ಮುಖ್ಯ. ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಮಕ್ಕಳ ಬೆರಳಿಗೆ ತಂತಿ ಒತ್ತುವಷ್ಟು ಬಲ ಬರುತ್ತದೆ. ಅದಕ್ಕಿಂತ ಸಣ್ಣವರಿಗೆ ವಾದ್ಯ ಕೊಡೋದಕ್ಕಿಂತ ಚಪ್ಪಾಳೆ, ತಾಳ, ದಮ್ಮಡಿ, ಹಾಡು ಸಾಕು. ಅದೂ ಸಂಗೀತದ ಪಾಠವೇ.

ಅಪ್ಪ ಅಮ್ಮ ಮಾಡುವ ಮೊದಲ ಎಡವಟ್ಟು ಅಂದರೆ "ಹೆಂಗೂ ಬೆಳೀತಾನಲ್ಲ" ಅಂತ ದೊಡ್ಡವರ ಗಿಟಾರ್ ತಂದುಕೊಡೋದು. ಬೂಟು ಎರಡು ಸೈಜು ದೊಡ್ಡದು ತಂದರೆ ಹತ್ತಿ ತುರುಕಬಹುದು, ಗಿಟಾರಿಗೆ ಆ ಉಪಾಯ ಇಲ್ಲ. ದೊಡ್ಡವರ ಗಿಟಾರಿನಲ್ಲಿ ತಂತಿಯ ನುಡಿಯುವ ಉದ್ದ ಸುಮಾರು 65 ಸೆಂಟಿಮೀಟರ್. ಮಗು ಎಡಗೈ ಪೂರ್ತಿ ಚಾಚಿದರೂ ತುದಿಯ ಮೊದಲ ಫ್ರೆಟ್‌ ಹತ್ತಿರ ಬೆರಳು ನಿಲ್ಲೋದಿಲ್ಲ. ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿ. ಭುಜ ಮೇಲೇರುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಎರಡು ವಾರಕ್ಕೆ ಗಿಟಾರ್ ಅಟ್ಟ ಸೇರುತ್ತದೆ. ಮಗುವಿಗೆ 'ಆಸಕ್ತಿ ಇಲ್ಲ' ಅನ್ನೋ ಹಣೆಪಟ್ಟಿ ಬೀಳುತ್ತದೆ.

ಮಕ್ಕಳಿಗೆ ಅಂತಲೇ ಅರ್ಧ ಅಳತೆಯ, ಮುಕ್ಕಾಲು ಅಳತೆಯ ಗಿಟಾರುಗಳಿವೆ. ಅರ್ಧ ಅಳತೆಯದು ಸುಮಾರು ಆರರಿಂದ ಎಂಟು ವರ್ಷದವರಿಗೆ, ಮುಕ್ಕಾಲಿನದು ಒಂಬತ್ತರಿಂದ ಹನ್ನೊಂದರವರೆಗೆ ಹೊಂದುತ್ತದೆ. ಪರೀಕ್ಷೆ ಸರಳ: ಮಗುವನ್ನ ಕೂರಿಸಿ, ಗಿಟಾರ್ ತೊಡೆ ಮೇಲಿಡಿ. ಎಡಗೈ ಮೊದಲ ಫ್ರೆಟ್ ಮುಟ್ಟಿದಾಗ ಮೊಣಕೈ ಇನ್ನೂ ಸ್ವಲ್ಪ ಬಾಗಿದೆಯಾ? ಬಾಗಿದ್ದರೆ ಅಳತೆ ಸರಿ. ಎಡಗಾಲ ಕೆಳಗೆ ಒಂದು ಇಟ್ಟಿಗೆಯನ್ನೋ ಮಣೆಯನ್ನೋ ಇಟ್ಟರೆ ಕೂತ ಭಂಗಿ ಇನ್ನೂ ಸಲೀಸು.

ಎರಡನೆಯ ಮಾತು ತಂತಿಯದ್ದು. ಶುರುವಿಗೆ ನೈಲಾನ್ ತಂತಿಯೇ ಇರಲಿ. ಉಕ್ಕಿನ ತಂತಿ ಎಳೆಯ ಬೆರಳ ತುದಿಯನ್ನ ಕೊಯ್ಯುವ ಹಾಗೆ ಒತ್ತುತ್ತದೆ. ಆದರೆ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಏರಿಸಬಾರದು. ಅದರ ಎಳೆತ ಜಾಸ್ತಿ, ತಂತಿ ಕಟ್ಟುವ ಬ್ರಿಡ್ಜೇ ಕಿತ್ತು ಬರಬಹುದು. ತಂತಿ ಫ್ರೆಟ್‌ಗಳಿಂದ ತೀರಾ ಎತ್ತರದಲ್ಲಿದ್ದರೂ ಒತ್ತೋದು ಕಷ್ಟ. ಅಂಗಡಿಯಲ್ಲೇ ಒತ್ತಿ ನೋಡಿ ತಗೊಳ್ಳಿ. ಇನ್ನು ನಮ್ಮ ಭಾಗದ ಬೇಸಿಗೆ ಗೊತ್ತಲ್ಲ. ತಗಡಿನ ಸೂರಿನ ಕೆಳಗೆ, ಬಿಸಿಲು ಬೀಳೋ ಗೋಡೆಗೆ ಆನಿಸಿ ಇಟ್ಟರೆ ಮರ ಬಾಗುತ್ತದೆ, ಅಂಟು ಬಿಡುತ್ತದೆ. ಚೀಲದಲ್ಲಿ ಹಾಕಿ ನೆರಳಲ್ಲಿಡಬೇಕು.

ಗಿಟಾರಿಗೂ ಮೊದಲು ಯೂಕಲೀಲಿ ಕೊಡೋದು ಇನ್ನೊಂದು ದಾರಿ. ನಾಲ್ಕೇ ತಂತಿ, ಮೃದುವಾದ ನೈಲಾನ್, ಪುಟ್ಟ ಮೈ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗೆ ಕಲಿಯುವ ಬೆರಳ ಆಕಾರಗಳೇ ಇದರಲ್ಲೂ ಬರುತ್ತವೆ, ಶ್ರುತಿ ಮಾತ್ರ ಮೇಲಿರುತ್ತದೆ. ಹಾಗಾಗಿ ಕಲಿತದ್ದು ವ್ಯರ್ಥ ಆಗೋದಿಲ್ಲ.

ಒಂದೇ ತಂತಿಯಿಂದ ಶುರು ಮಾಡಿ

ಗಿಟಾರ್ ಪಾಠ ಅಂದ ತಕ್ಷಣ ಬಹುತೇಕರು ಕಾರ್ಡ್‌ಗಳಿಂದ ಶುರು ಮಾಡ್ತಾರೆ. ಕಾರ್ಡ್ ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿಸೋದು. ಯೂಟ್ಯೂಬಿನ ಪಾಠಗಳಲ್ಲೂ ಇದೇ ಕ್ರಮ. ಹದಿನೈದು ವರ್ಷದವರಿಗೆ ಇದು ಸರಿ. ಏಳು ವರ್ಷದ ಮಗುವಿಗೆ ಮೂರು ಬೆರಳನ್ನ ಮೂರು ಬೇರೆ ತಂತಿಯ ಮೇಲೆ ಒಟ್ಟಿಗೆ ಕೂರಿಸೋದು ಹಿಂಸೆ.

ನಮ್ಮ ಸೀಮೆಯ ಮಗುವಿಗೆ ಇನ್ನೊಂದು ದಾರಿ ಸಹಜವಾಗಿ ತೆರೆದಿದೆ. ಅದು ಹುಟ್ಟಿದಾಗಿನಿಂದ ಕೇಳಿರೋದು ಕಾರ್ಡ್‌ಗಳನ್ನಲ್ಲ, ರಾಗವನ್ನ. ಶ್ರಾವಣದ ಭಜನೆ, ಮೊಹರಂನ ರಿವಾಯತ್ ಪದ, ಡೊಳ್ಳಿನ ಪದ, ಸೋಬಾನೆ, ತತ್ವಪದ. ಇವೆಲ್ಲ ಒಂದೇ ಎಳೆಯಲ್ಲಿ ಸಾಗುವ ಹಾಡುಗಳು. ತತ್ವಪದದವರ ಏಕತಾರಿಗೆ ಒಂದೇ ತಂತಿ. ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಿ ಕೇಳುವ ಜೋಗತಿಯರ ಚೌಡಿಕೆಗೂ ಒಂದೇ ತಂತಿ. ಒಂದು ತಂತಿಯಲ್ಲಿ ಎಷ್ಟು ಸಂಗೀತ ಹುಟ್ಟುತ್ತೆ ಅಂತ ಈ ಜಿಲ್ಲೆಯ ಮಗುವಿಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗಾದರೆ ಗಿಟಾರಿನ ಮೊದಲ ತಿಂಗಳೂ ಒಂದೇ ತಂತಿಯದ್ದಾಗಲಿ. ಕೆಳಗಿನಿಂದ ಮೂರನೇ ತಂತಿ ಹಿಡಿಯಿರಿ. ಏನೂ ಒತ್ತದೆ ಮೀಟಿದರೆ ಅದು 'ಸ' ಅಂದುಕೊಳ್ಳಿ. ಎರಡನೇ ಫ್ರೆಟ್ ಒತ್ತಿದರೆ 'ರಿ', ನಾಲ್ಕು 'ಗ', ಐದು 'ಮ', ಏಳು 'ಪ', ಒಂಬತ್ತು 'ಧ', ಹನ್ನೊಂದು 'ನಿ', ಹನ್ನೆರಡಕ್ಕೆ ಮೇಲಿನ 'ಸ'. ಇಷ್ಟೇ. ಇದರಲ್ಲಿ ಮ ಮತ್ತು ನಿ ಬಿಟ್ಟು ಉಳಿದ ಐದು ಸ್ವರ ನುಡಿಸಿದರೆ ಹಿಂದೂಸ್ತಾನಿಯ ಭೂಪ್ ರಾಗದ ಸ್ವರಗಳು, ಕರ್ನಾಟಕಿಯಲ್ಲಿ ಮೋಹನ. ನಮ್ಮ ಎಷ್ಟೋ ಜಾನಪದ ಮಟ್ಟುಗಳು ಇಂಥ ಐದು ಸ್ವರದೊಳಗೇ ಸುತ್ತುತ್ತವೆ. ಮಗು ತನಗೆ ಗೊತ್ತಿರುವ ಹಾಡನ್ನ ತಾನೇ ತಂತಿಯ ಮೇಲೆ ಹುಡುಕಿಕೊಂಡಾಗ ಆಗುವ ಖುಷಿಗೆ ಯಾವ ಪಠ್ಯವೂ ಸಮ ಅಲ್ಲ.

ಜಪಾನಿನ ಪಿಟೀಲುವಾದಕ ಶಿನಿಚಿ ಸುಜುಕಿ (1898–1998) ಮಕ್ಕಳ ಸಂಗೀತ ಶಿಕ್ಷಣಕ್ಕೆ ಕೊಟ್ಟ ದೊಡ್ಡ ಹೊಳಹು ಇದೇ. ಮಗು ಮಾತೃಭಾಷೆಯನ್ನ ಮೊದಲು ಕೇಳುತ್ತೆ, ಆಮೇಲೆ ಆಡುತ್ತೆ, ಓದು ಬರಹ ಕೊನೆಗೆ. ಸಂಗೀತವೂ ಹಾಗೇ ಆಗಲಿ ಅಂದರು ಅವರು. ಸ್ಟಾಫ್ ನೊಟೇಶನ್ನಿನ ಐದು ಗೆರೆ ಮೊದಲ ದಿನವೇ ಬೋರ್ಡಿನ ಮೇಲೆ ಬರೆಯೋ ಅವಸರ ಬೇಕಿಲ್ಲ.

ಎರಡನೇ ತಿಂಗಳಿಗೆ ಕಾರ್ಡ್. ಅದೂ ಪೂರ್ತಿ ಆರು ತಂತಿಯದ್ದಲ್ಲ, ಕೆಳಗಿನ ಮೂರು ತಂತಿಯದ್ದು. ಏನೂ ಒತ್ತದೆ ಆ ಮೂರನ್ನ ಮೀಟಿದರೆ 'ಇ ಮೈನರ್' ಆಗಿಬಿಡುತ್ತದೆ! ಕೆಳಗಿನ ಮೊದಲ ತಂತಿಯನ್ನ ಮೂರನೇ ಫ್ರೆಟ್‌ನಲ್ಲಿ ಒತ್ತಿದರೆ 'ಜಿ'. ಎರಡನೇ ತಂತಿಯನ್ನ ಮೊದಲ ಫ್ರೆಟ್‌ನಲ್ಲಿ ಒತ್ತಿದರೆ 'ಸಿ'. ಒಂದೊಂದೇ ಬೆರಳು. ಈ ಮೂರರಲ್ಲಿ ಮಗು ಹಾಡಿಗೆ ಸಾಥ್ ಕೊಡೋಕೆ ಶುರು ಮಾಡಬಹುದು. ಬೆರಳನ್ನ ಫ್ರೆಟ್‌ ಪಟ್ಟಿಯ ಮೇಲಲ್ಲ, ಅದರ ಹಿಂದೆಯೇ ಅಂಟಿದಂತೆ ಇಟ್ಟರೆ ಕಡಿಮೆ ಬಲಕ್ಕೆ ಸ್ವಚ್ಛ ನಾದ ಬರುತ್ತದೆ. ಮಕ್ಕಳಿಗೆ ಬೆರಳು ನೋಯೋದನ್ನ ಅರ್ಧ ಕಡಿಮೆ ಮಾಡುವ ಗುಟ್ಟು ಇದು.

ದಿನಕ್ಕೆ ಎಷ್ಟು ಹೊತ್ತು? ಹತ್ತು ನಿಮಿಷ. ಭಾನುವಾರ ಒಂದೇ ದಿನ ಎರಡು ತಾಸು ಕೂರಿಸೋದಕ್ಕಿಂತ ದಿನಾ ಹತ್ತು ನಿಮಿಷ ಮೇಲು. ಬೆರಳ ತುದಿ ಗಟ್ಟಿಯಾಗೋದೂ, ಕಿವಿ ಹದವಾಗೋದೂ ದಿನದ ರೂಢಿಯಿಂದ. ಶ್ರುತಿ ಮಾಡೋದು ಮಾತ್ರ ದೊಡ್ಡವರ ಕೆಲಸ. ಮೊಬೈಲಿನಲ್ಲಿ ಉಚಿತ ಟ್ಯೂನರ್ ಆ್ಯಪ್‌ಗಳಿವೆ. ಶ್ರುತಿ ತಪ್ಪಿದ ಗಿಟಾರಿನಲ್ಲಿ ಕಲಿತ ಮಗುವಿನ ಕಿವಿ ಕೆಡುತ್ತದೆ.

"ಇದು ನಮ್ಮ ವಾದ್ಯ ಅಲ್ಲ" ಅನ್ನೋರಿಗೆ

ಈ ಆಕ್ಷೇಪ ಬಂದೇ ಬರುತ್ತದೆ. ಇರೋ ಜಾನಪದ ವಾದ್ಯಗಳೇ ಸಾಯುತ್ತಿವೆ, ಇನ್ನು ಗಿಟಾರ್ ಯಾಕೆ ಅಂತ.

ಭಜನಾ ಮಂಡಳಿಯ ಜೀವವಾದ ಹಾರ್ಮೋನಿಯಂ ಎಲ್ಲಿಂದ ಬಂತು? ಫ್ರಾನ್ಸಿನಿಂದ. ಅಲ್ಲಿ 1842ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತ್ತು. 'ಇದು ಭಾರತೀಯ ಸಂಗೀತಕ್ಕೆ ಒಗ್ಗೋದಿಲ್ಲ' ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನ ನಿಷೇಧಿಸಿತ್ತು. ರೇಡಿಯೊ ಬೇಡ ಅಂದರೂ ನಮ್ಮ ಹಳ್ಳಿಯ ಭಜನೆಗಳು, ನಾಟಕ ಕಂಪನಿಗಳು ಅದನ್ನ ಬಿಡಲಿಲ್ಲ. ಪಿಟೀಲು ಯುರೋಪಿನದು, ಈಗ ಅದಿಲ್ಲದ ಕರ್ನಾಟಕಿ ಕಛೇರಿ ಅಪರೂಪ. ದಕ್ಷಿಣ ಕನ್ನಡದ ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದನ್ನೇ ಹಿಡಿದರು, ಅದರಲ್ಲೇ ಕರ್ನಾಟಕಿ ಸಂಗೀತ ನುಡಿಸಿ ಜಗತ್ತು ಸುತ್ತಿದರು. ಗಿಟಾರೂ ಈ ದಾರಿಯಲ್ಲಿ ಆಗಲೇ ಬಹುದೂರ ಬಂದಿದೆ. ವಿಶ್ವಮೋಹನ ಭಟ್ ಅದಕ್ಕೆ ಹೆಚ್ಚುವರಿ ತಂತಿ ಸೇರಿಸಿ ಮೋಹನವೀಣೆ ಮಾಡಿ ಹಿಂದೂಸ್ತಾನಿ ನುಡಿಸಿದರು.

ವಾದ್ಯ ಎಲ್ಲಿ ಹುಟ್ಟಿತು ಅನ್ನೋದರಿಂದ ಅದು ನಮ್ಮದಾಗೋದಿಲ್ಲ. ಅದರಲ್ಲಿ ನಾವು ಏನು ನುಡಿಸಿದೆವು ಅನ್ನೋದರಿಂದ ಆಗುತ್ತದೆ. ಕುಷ್ಟಗಿಯ ಮಗು ಗಿಟಾರಿನಲ್ಲಿ ಅಜ್ಜಿಯ ಸೋಬಾನೆ ಪದ ನುಡಿಸಿದರೆ ಜಾನಪದಕ್ಕೆ ಬಂದ ನಷ್ಟವೇನು? ಮಗುವಿಗೆ ಆ ಪದವೇ ಗೊತ್ತಿಲ್ಲದಿದ್ದರೆ, ಅದು ನಿಜವಾದ ನಷ್ಟ.

ವಾದ್ಯದ ಬೆನ್ನ ಮೇಲಿನ ಜಾತಿ

ಇಲ್ಲಿಗೆ ಅಸಲಿ ವಿಷಯಕ್ಕೆ ಬಂದೆವು.

ನಮ್ಮ ಊರುಗಳಲ್ಲಿ ವಾದ್ಯಕ್ಕೆ ವಿಳಾಸ ಇದೆ. ಹಲಗೆ ಯಾವ ಕೇರಿಯದು, ಸನಾದಿ ಯಾರ ಮನೆಯದು, ಡೊಳ್ಳು ಯಾರದು, ಚೌಡಿಕೆ ಯಾರ ಹೆಗಲಿಗೆ, ವೀಣೆ ಯಾರ ನಡುಮನೆಯಲ್ಲಿ ಅನ್ನೋದು ಎಲ್ಲರಿಗೂ ಗೊತ್ತು. ಮದುವೆಗೆ ಸನಾದಿ ಬೇಕು, ಆದರೆ ಊದುವವರಿಗೆ ಊಟದ ಪಂಕ್ತಿಯಲ್ಲಿ ಜಾಗ ಎಲ್ಲಿ? ಸಾವಿಗೆ ಹಲಗೆ ಬೇಕು, ಬಾರಿಸುವವರು ಅಂಗಳದಾಚೆ. ಹಲಗೆ, ತಮಟೆಯ ಬಗ್ಗೆ ದಲಿತ ಚಳವಳಿಯೊಳಗೇ ಎರಡು ಮಾತಿದೆ. ಅದು ಬಿಟ್ಟಿಚಾಕರಿಯ ಗುರುತು, ಕೆಳಗಿಡಬೇಕು ಅನ್ನೋದು ಒಂದು. ಅದು ನಮ್ಮ ಪ್ರತಿಭಟನೆಯ ದನಿ, ಎತ್ತಿ ಹಿಡಿಯಬೇಕು ಅನ್ನೋದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೂ ಬಂತು. ಗೌರವ ದೆಹಲಿಯಿಂದ ಬಂದಷ್ಟು ಸಲೀಸಾಗಿ ಪಕ್ಕದ ಓಣಿಯಿಂದ ಬರೋದಿಲ್ಲ.

ಗಿಟಾರಿಗೆ ಈ ವಿಳಾಸ ಇಲ್ಲ. ಕುಷ್ಟಗಿಯಲ್ಲಿ ಅದನ್ನ ನೋಡಿ "ಇದು ಇಂಥವರ ವಾದ್ಯ" ಅಂತ ಜಾತಿಯ ಹೆಸರು ಹೇಳೋಕೆ ಬರೋದಿಲ್ಲ. ಯಾವ ಕೇರಿಯ ಮಗು ಎತ್ತಿಕೊಂಡರೂ "ಇದು ನಿನ್ನ ಕುಲಕಸುಬು, ಬಾರಿಸು" ಅನ್ನೋರಿಲ್ಲ, "ಮುಟ್ಟಬ್ಯಾಡ" ಅನ್ನೋದಕ್ಕೂ ಕಾರಣ ಸಿಗೋದಿಲ್ಲ. ಒಂದೇ ಬೆಂಚಿನ ಮೇಲೆ ನಾಲ್ಕು ಓಣಿಯ ಮಕ್ಕಳು ಕೂತು ಒಂದೇ ವಾದ್ಯ ಕಲಿಯಬಹುದಾದ ಅಪರೂಪದ ಅವಕಾಶ ಅದು. ಬಾಬಾಸಾಹೇಬ್ ಅಂಬೇಡ್ಕರ್ ಅಷ್ಟೆಲ್ಲ ಕೆಲಸದ ನಡುವೆ, ದೊಡ್ಡ ವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತಿದ್ದರು. ಯಾವ ಜಾತಿಯವರು ಯಾವ ನಾದ ಹೊರಡಿಸಬೇಕು ಅಂತ ಹೇಳುವ ಸಮಾಜದಲ್ಲಿ ಅದೂ ಒಂದು ಉತ್ತರವೇ.

ಹಲಗೆ, ಗಿಟಾರ್ ಎದುರಾಳಿಗಳೂ ಅಲ್ಲ. ತಮಿಳುನಾಡಿನಲ್ಲಿ ಪಾ. ರಂಜಿತ್ ಅವರ ಬೆಂಬಲದಲ್ಲಿ 2017ರಲ್ಲಿ ಹುಟ್ಟಿದ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ಚೆನ್ನೈನ ಗಾನಾ ಹಾಡು, ಸಾವಿನ ಮನೆಯ ವಾದ್ಯಗಳು, ಗಿಟಾರ್ ಒಂದೇ ವೇದಿಕೆಗೆ ಬಂದವು. ಶಾಲೆಯಲ್ಲೂ ಆಗಬೇಕಾದ್ದು ಇದೇ. ಗಿಟಾರ್ ಕ್ಲಾಸಿಗೆ ತಾಳ ಹಿಡಿಯಲು ಹಲಗೆ, ಡೊಳ್ಳಿನ ಕಲಾವಿದರನ್ನ ಮೇಷ್ಟ್ರಾಗಿ, ಸಂಬಳ ಕೊಟ್ಟು, ಕುರ್ಚಿ ಕೊಟ್ಟು ಕರೆಸಬೇಕು. ಆಗ ಹಲಗೆಯ ವಿಳಾಸವೂ ಬದಲಾಗೋಕೆ ಶುರುವಾಗುತ್ತೆ.

ಗಿಟಾರಿಗೆ ಜಾತಿ ಇಲ್ಲ ನಿಜ. ಆದರೆ ವರ್ಗ ಇದೆ. ಮಕ್ಕಳ ಅಳತೆಯ, ನುಡಿಸೋಕೆ ಬರುವಂಥ ಗಿಟಾರಿಗೆ ಅಂದಾಜು ಮೂರರಿಂದ ಐದಾರು ಸಾವಿರ ರೂಪಾಯಿ. ಅದರ ಮೇಲೆ ತಿಂಗಳ ಫೀಸು. ಲಂಡನ್ನಿನ ಟ್ರಿನಿಟಿಯಂಥ ಪರೀಕ್ಷೆ ಕಟ್ಟಿದರೆ ಒಂದೊಂದು ಗ್ರೇಡಿಗೂ ಸಾವಿರಾರು. ದಿನಗೂಲಿಯ ಮನೆಗೆ, ಗುಳೆ ಹೋಗಿ ಬರುವ ಮನೆಗೆ ಈ ಲೆಕ್ಕ ಎಲ್ಲಿ ಕೂರುತ್ತೆ? ಮನೆಗೆ ಕೊಳ್ಳಲಾಗದ್ದನ್ನ ಎಲ್ಲರ ಪರವಾಗಿ ಕೊಳ್ಳೋದಕ್ಕೇ ಅಲ್ಲವೇ ಸರಕಾರಿ ಶಾಲೆ ಇರೋದು?

ಗದಗ ತೋರಿಸಿಕೊಟ್ಟದ್ದು

"ಬಡ ಮಕ್ಕಳಿಗೆ ಸಂಗೀತ ಎಲ್ಲಿಂದ ಆಗ್ತದ" ಅನ್ನೋರಿಗೆ ಉತ್ತರ ದೂರದಲ್ಲಿಲ್ಲ. ಕುಷ್ಟಗಿಗೆ ಮೊದಲ ಪ್ಯಾಸೆಂಜರ್ ರೈಲು 2025ರ ಮೇ ತಿಂಗಳಲ್ಲಿ ಬಂತು. ಅದೇ ರೈಲು ಹತ್ತಿದರೆ ಗದಗ ಸಿಗುತ್ತೆ.

ಅಲ್ಲಿನ ವೀರೇಶ್ವರ ಪುಣ್ಯಾಶ್ರಮವನ್ನ ಕಟ್ಟಿದವರು ಪಂಚಾಕ್ಷರಿ ಗವಾಯಿಗಳು (1892–1944), ಬೆಳೆಸಿದವರು ಪುಟ್ಟರಾಜ ಗವಾಯಿಗಳು (1914–2010). ಇಬ್ಬರೂ ಅಂಧರು. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಉಚಿತವಾಗಿ ಕೊಟ್ಟರು. ದುಡ್ಡು ಸಾಲದಾದಾಗ ನಾಟಕ ಕಂಪನಿ ನಡೆಸಿ ಮಕ್ಕಳನ್ನ ಸಾಕಿದರು. ಆ ಕಾಲದಲ್ಲಿ ಕಣ್ಣಿಲ್ಲದ ಬಡ ಮಗುವಿಗೆ ಸಮಾಜ ತೋರಿಸುತ್ತಿದ್ದ ದಾರಿ ಭಿಕ್ಷೆಯದು. ಆಶ್ರಮ ಆ ಮಗುವನ್ನ ಕಲಾವಿದ ಮಾಡಿತು, ಮೇಷ್ಟ್ರನ್ನ ಮಾಡಿತು.

ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ ಎಂ. ವೆಂಕಟೇಶ ಕುಮಾರ್ ಬಳ್ಳಾರಿ ಸೀಮೆಯ ಜಾನಪದ ಕಲಾವಿದರ ಮಗ. ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಅವರನ್ನ ಬಾಲಕನಾಗಿದ್ದಾಗ ಗದಗಿಗೆ ಕರೆತಂದು ಬಿಟ್ಟರು. ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತರು. 2016ರಲ್ಲಿ ಪದ್ಮಶ್ರೀ. ಆ ಬಾಲಕನ ಮನೆಯವರು ಫೀಸು ಕಟ್ಟಬೇಕಾಗಿದ್ದರೆ ಇಂಥ ಗಾಯಕ ನಮಗೆ ಸಿಗುತ್ತಿದ್ದರಾ?

ಬೇರೆ ಕಡೆಯೂ ಇಂಥ ಪ್ರಯೋಗಗಳಿವೆ. ಕಾಲಿಂಪಾಂಗಿನ ಗಾಂಧಿ ಆಶ್ರಮ ಶಾಲೆ 1993ರಿಂದ ಕೂಲಿಕಾರರ ಮಕ್ಕಳಿಗೆ ಪಿಟೀಲು ಕಲಿಸುತ್ತಿದೆ. ವೆನೆಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೂ 1975ರಲ್ಲಿ ಶುರು ಮಾಡಿದ 'ಎಲ್ ಸಿಸ್ಟೆಮಾ' ಬಡ ಬಡಾವಣೆಗಳ ಲಕ್ಷಾಂತರ ಮಕ್ಕಳ ಕೈಗೆ ವಾದ್ಯ ಕೊಟ್ಟಿತು. ಗದಗಿನಲ್ಲಿ ಗುರುಗಳು ಹೊತ್ತ ಭಾರವನ್ನ ಅಲ್ಲಿ ಸರಕಾರದ ಹಣ ಹೊತ್ತಿತು. ನಾವು ಕೇಳಬೇಕಾದ್ದೂ ಅದನ್ನೇ. ಪ್ರತಿ ತಾಲ್ಲೂಕಿಗೂ ಒಬ್ಬ ಗವಾಯಿ ಹುಟ್ಟಿ ಬರಲಿ ಅಂತ ಕಾಯೋದಲ್ಲ.

ಕಾನೂನು ಏನು ಹೇಳುತ್ತೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆ ಶಾಲೆಗೆ ಕಲಾ ಶಿಕ್ಷಣಕ್ಕೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಯಾರೋ ದಯೆಯಿಂದ ಕೊಡುವ ಸವಲತ್ತಲ್ಲ ಇದು, ಕಾಯ್ದೆಯಲ್ಲಿ ಬರೆದಿರುವ ಮಾತು. ನಿಮ್ಮ ಊರಿನ ಶಾಲೆಯಲ್ಲಿ ಕಲಾ ಬೋಧಕರು ಇದ್ದಾರಾ? ಕೇಳಿ ನೋಡಿ.

ಇನ್ನೊಂದು ವಿಚಿತ್ರ ಗಮನಿಸಿ. ವರ್ಷವರ್ಷ 'ಪ್ರತಿಭಾ ಕಾರಂಜಿ' ನಡೆಯುತ್ತೆ. ಭಾವಗೀತೆ, ಜಾನಪದ ಗೀತೆ ಅಂತ ಸ್ಪರ್ಧೆ, ಬಹುಮಾನ. ಆದರೆ ಹಾಡಲು ಕಲಿಸುವವರು ಶಾಲೆಯಲ್ಲಿ ಇಲ್ಲದಿದ್ದರೆ ಆ ಸ್ಪರ್ಧೆ ಅಳೆಯೋದು ಏನನ್ನ? ಮನೆಯಲ್ಲಿ ಸಂಗೀತ ಇದ್ದ ಮಗುವನ್ನ ಗುರುತಿಸಿ ಅದಕ್ಕೆ ಕಪ್ಪು ಕೊಡೋದು ಪ್ರತಿಭೆಯ ಹುಡುಕಾಟ ಆಗೋದಿಲ್ಲ.

ದುಡ್ಡಿನ ವಿಷಯ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನ ಪಟ್ಟಿ ಮಾಡಿತು, ಅದರಲ್ಲಿ 39 'ಅತ್ಯಂತ ಹಿಂದುಳಿದವು'. ಕುಷ್ಟಗಿ, ಯಲಬುರ್ಗಾ ಆ ಗುಂಪಿನಲ್ಲಿದ್ದವು. ಆಮೇಲೆ 371(ಜೆ) ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಈಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ರಸ್ತೆ, ಕಟ್ಟಡ, ಶಾಲಾ ಕೊಠಡಿ ಎಲ್ಲವೂ ಬೇಕು. ಆದರೆ ಕೊಠಡಿ ಕಟ್ಟಿದ ಮೇಲೆ ಒಳಗೆ ಏನು ನಡೆಯುತ್ತೆ ಅನ್ನೋದೂ ಅಭಿವೃದ್ಧಿಯೇ.

ಲೆಕ್ಕ ಹಾಕಿ. ಆರು ಸಣ್ಣ ಗಿಟಾರ್ ತಲಾ 4,500ರಂತೆ 27,000. ನಾಲ್ಕು ಯೂಕಲೀಲಿ ತಲಾ 2,000ದಂತೆ 8,000. ಚೀಲ, ಬಿಡಿ ತಂತಿಗೆ 5,000. ಒಟ್ಟು 40,000 ರೂಪಾಯಿ. ಹತ್ತು ವಾದ್ಯ, ಎರಡೆರಡು ಮಕ್ಕಳಿಗೆ ಒಂದರಂತೆ ಒಂದು ಸಲಕ್ಕೆ ಇಪ್ಪತ್ತು ಮಕ್ಕಳು. ಒಬ್ಬರು ನುಡಿಸುವಾಗ ಇನ್ನೊಬ್ಬರು ತಾಳ ಹಾಕಿ ಹಾಡಲಿ, ಅದೂ ಪಾಠವೇ. ಒಂದು ಶಾಲೆಯ ಕಾಂಪೌಂಡ್ ಗೋಡೆಯ ಅಂದಾಜಿನ ಪಕ್ಕದಲ್ಲಿ ಈ ಮೊತ್ತ ಇಟ್ಟು ನೋಡಿ.

"ಮೊದಲು ಗಣಿತದ ಮೇಷ್ಟ್ರನ್ನ ಕೊಡ್ರಿ"

ಇದು ಗಟ್ಟಿ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಈ ಭಾಗದಲ್ಲಿ ವಿಷಯ ಶಿಕ್ಷಕರ ಹುದ್ದೆಗಳೇ ಖಾಲಿ ಇರುವಾಗ ಗಿಟಾರ್ ಮಾತು ಶೋಕಿ ಅನಿಸಬಹುದು.

ಇದಕ್ಕೆ ಕೆಲವರು ಕೊಡುವ ಉತ್ತರ ತಪ್ಪು ದಾರಿಯದು: "ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತೆ, ಗಣಿತದಲ್ಲಿ ಮಾರ್ಕ್ಸ್ ಬರುತ್ತೆ." 'ಮೊಜಾರ್ಟ್ ಪರಿಣಾಮ' ಅಂತ ಸುದ್ದಿಯಾದ 1993ರ ಅಧ್ಯಯನ ನಡೆದದ್ದು ಮಕ್ಕಳ ಮೇಲಲ್ಲ, ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಂಡ ಪರಿಣಾಮ ಹತ್ತು ಹದಿನೈದು ನಿಮಿಷದ್ದು. 2020ರಲ್ಲಿ ಜೊವಾನಿ ಸಾಲಾ ಮತ್ತು ಫೆರ್ನಾಂಡ್ ಗೋಬೆ 54 ಅಧ್ಯಯನಗಳ, ಸುಮಾರು 7,000 ಮಕ್ಕಳ ಮಾಹಿತಿ ಒಟ್ಟುಗೂಡಿಸಿ ನೋಡಿದರು. ಸರಿಯಾದ ಕ್ರಮದಲ್ಲಿ ನಡೆದ ಅಧ್ಯಯನಗಳಲ್ಲಿ ಸಂಗೀತ ತರಬೇತಿಯಿಂದ ಬುದ್ಧಿಶಕ್ತಿಯೋ ಓದಿನ ಅಂಕವೋ ಏರಿದ್ದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ ಗಿಟಾರನ್ನ ಅಂಕದ ಟಾನಿಕ್ ಅಂತ ಮಾರಬೇಡಿ.

ಸರಿಯಾದ ಉತ್ತರ ಬೇರೆ. ಶ್ರೀಮಂತರ ಮಗುವಿಗೆ ಯಾರೂ "ಮೊದಲು ಗಣಿತ, ಆಮೇಲೆ ಸಂಗೀತ" ಅನ್ನೋದಿಲ್ಲ. ಎರಡೂ ಸಿಗುತ್ತೆ. ಎರಡರಲ್ಲಿ ಒಂದನ್ನ ಆರಿಸಿಕೋ ಅನ್ನೋ ಮಾತು ಬಡವರ ಮಗುವಿಗೆ ಮಾತ್ರ ಯಾಕೆ? ಗಣಿತದ ಮೇಷ್ಟ್ರು ಬೇಕು ಅನ್ನೋದೂ, ಸಂಗೀತದ ಮೇಷ್ಟ್ರು ಬೇಕು ಅನ್ನೋದೂ ಒಂದೇ ಹೋರಾಟದ ಎರಡು ಸಾಲುಗಳು. ಸಂಗೀತ ಬೇಕಾಗಿರೋದು ಸಂಗೀತಕ್ಕಾಗಿಯೇ. ಆಡೋಕೆ ಮೈದಾನ ಬೇಕು ಅನ್ನೋದಕ್ಕೆ ನಾವು ಅಂಕದ ಸಾಕ್ಷಿ ಕೇಳ್ತೀವಾ?

ಈಗ ಏನು ಮಾಡಬಹುದು?

ಸರಕಾರ ಮಾಡುವ ತನಕ ಕೈಕಟ್ಟಿ ಕೂರಬೇಕಿಲ್ಲ, ಹಾಗಂತ ಸರಕಾರವನ್ನ ಬಿಟ್ಟುಬಿಡಲೂಬಾರದು.

ಒಂದು, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಪುಸ್ತಕ ಎರವಲು ಕೊಡುವಂತೆ ಎರಡು ಗಿಟಾರ್, ಎರಡು ಯೂಕಲೀಲಿ, ಒಂದು ಹಾರ್ಮೋನಿಯಂ, ಒಂದು ಹಲಗೆ ಯಾಕೆ ಕೊಡಬಾರದು? ಪಂಚಾಯಿತಿಗೆ ಅರ್ಜಿ ಕೊಡಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ಎರಡು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕಾಯ್ದೆಯ ಅನುಸೂಚಿ ಓದಿ ಹೇಳಿ. ಕಲಾ ಬೋಧಕರ ಬೇಡಿಕೆಯ ನಿರ್ಣಯ ಮಾಡಿಸಿ ಬಿಇಒ ಕಚೇರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಶಾಸಕರ ಮುಂದೆ ಕೇಳುವಾಗ ಕಾಗದ ಕೈಯಲ್ಲಿರಬೇಕು.

ಮೂರು, ಹುಬ್ಬಳ್ಳಿ, ಬೆಂಗಳೂರಿನ ಹಾಸ್ಟೆಲ್‌ಗಳಲ್ಲಿ ಕೂತು ನಾಲ್ಕು ಕಾರ್ಡ್ ಕಲಿತ ಕುಷ್ಟಗಿ, ಹನುಮಸಾಗರ, ತಾವರಗೇರಾದ ಹುಡುಗ ಹುಡುಗಿಯರು ಇದ್ದೇ ಇದ್ದಾರೆ. ಬೇಸಿಗೆ ರಜೆಯ ಹದಿನೈದು ದಿನ ಸಾಕು, ಇಪ್ಪತ್ತು ಮಕ್ಕಳಿಗೆ ಒಂದು ತಂತಿಯ ಪಾಠ ಮುಗಿಸೋಕೆ. ನಿಮ್ಮ ಪಾಠ ಮೇಷ್ಟ್ರ ಹುದ್ದೆಗೆ ಬದಲಿ ಅಲ್ಲ, ಆ ಹುದ್ದೆ ಯಾಕೆ ಬೇಕು ಅನ್ನೋದಕ್ಕೆ ಪುರಾವೆ.

ನಾಲ್ಕು, ಹುಡುಗಿಯರನ್ನ ಎಣಿಸಿ. ಹನ್ನೊಂದು ಹನ್ನೆರಡು ದಾಟಿದ ಕೂಡಲೇ ಮನೆಗೆಲಸಕ್ಕೋ ಮರ್ಯಾದೆಯ ಮಾತಿಗೋ ಮೊದಲು ಬಿಡೋರು ಅವರೇ. ಶಾಲೆಯ ಹೊತ್ತಿನಲ್ಲೇ, ಶಾಲೆಯ ಒಳಗೇ ಪಾಠ ನಡೆದರೆ ಅವರು ಉಳಿಯುತ್ತಾರೆ. ಸಂಜೆಯ ಖಾಸಗಿ ಕ್ಲಾಸಾದರೆ ಉಳಿಯೋದು ಕಷ್ಟ.

ಆ ಮೂರು ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎಷ್ಟಕ್ಕೆ ಬರುತ್ತೆ? ಒಂದು ಮನೆಗೆ ಭಾರ, ಒಂದು ಊರಿಗೆ ಹಗುರ. ಯಾರು ಕಲಿಸ್ತಾರೆ? ಕಾಯ್ದೆ ಹೇಳಿದ ಬೋಧಕರು, ಅವರು ಬರೋವರೆಗೆ ಕಲಿತ ನಮ್ಮ ಹುಡುಗರು. ಕಲಿತು ಏನು ಮಾಡ್ತಿ? ನುಡಿಸ್ತಾನೆ, ನುಡಿಸ್ತಾಳೆ. ಬೇರೆ ಮಕ್ಕಳಿಗೆ ಅಷ್ಟು ಸಾಕಾಗುತ್ತೆ ಅಂದರೆ ಕುಷ್ಟಗಿಯ ಮಗುವಿಗೂ ಅಷ್ಟೇ ಸಾಕು.